ಹವಳದ ಹುಳುವಿಗೆ ಕೊಟ್ಟಿಗೆಯ ಮದ್ದು

ಕುರಿ ಸಾಕಿದವರಿಗೆ ಲೆವಮಿಸೋಲ್ ಗೊತ್ತು. ಹೊಟ್ಟೆಯ ಜಂತುಹುಳಕ್ಕೆ ಕುಡಿಸುವ ಔಷಧ. ಹತ್ತಿ, ಮೆಣಸಿನಕಾಯಿ ಬೆಳೆದವರಿಗೆ ಇಮಿಡಾಕ್ಲೋಪ್ರಿಡ್ ಗೊತ್ತು. ರಸ ಹೀರುವ ಕೀಟಕ್ಕೆ ಹೊಡೆಯುವ ಎಣ್ಣೆ. ಇನ್ನು ಮಿಲ್ಬೆಮೈಸಿನ್ ಎಂಬುದೊಂದಿದೆ. ಸಾಕುನಾಯಿಯ ಹೃದಯದಲ್ಲಿ ಹುಳು ಸೇರದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಯಲ್ಲಿ ಇರುವುದು ಅದು.

ಈ ಮೂರೂ ಔಷಧಗಳು ಕಳೆದ 20-25 ವರ್ಷಗಳಲ್ಲಿ ಯಾರೂ ಊಹಿಸದ ಜಾಗಕ್ಕೆ ಹೋಗಿವೆ. ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಅದರೊಳಗೆ ಜೀವಂತ ಹವಳ ಬೆಳೆಸುವವರಿದ್ದಾರೆ. ಅಮೆರಿಕ, ಯುರೋಪ್‌ನಲ್ಲಿ ಇದು ದೊಡ್ಡ ಹವ್ಯಾಸ. ಹವಳಕ್ಕೂ ಹುಳು ಬೀಳುತ್ತದೆ. ಹುಳು ಬಿದ್ದಾಗ ಅವರು ಕೈಹಾಕಿದ್ದು ಇದೇ ಡಬ್ಬಿಗಳಿಗೆ.

ದುಡ್ಡಿದ್ದವರ ಹವ್ಯಾಸ, ನಮಗೇನು ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಕಥೆಯಲ್ಲಿ ಒಂದು ಕೀಟವನ್ನು ಕೊಂದ ಔಷಧವೇ ಇನ್ನೊಂದು ಹುಳುವಿನ ವೈರಿಯನ್ನೂ ಕೊಂದುಹಾಕಿತು. ಹೊಲದಲ್ಲಿ ಎಣ್ಣೆ ಹೊಡೆದು ಜೇಡ, ಗುಲಗಂಜಿ ಹುಳಗಳನ್ನು ಕಳೆದುಕೊಂಡವರಿಗೆ ಇದು ಹೊಸ ಕಥೆ ಅಲ್ಲ.

ಮೊದಲು ಹವಳ ಎಂದರೇನು

ಉಂಗುರಕ್ಕೆ ಕಟ್ಟಿಸುವ ಕೆಂಪು ಹವಳ ನಮಗೆಲ್ಲ ಗೊತ್ತು. ಇಲ್ಲಿ ಹೇಳುತ್ತಿರುವುದು ಅದಲ್ಲ, ಅದರ ದೂರದ ನೆಂಟ. ಬಿಸಿ ಕಡಲಿನ ತಳದಲ್ಲಿ ಬಂಡೆಯಂತೆ, ಗಿಡದಂತೆ ಬೆಳೆಯುವ ಹವಳ ಇದು. ನೋಡಲು ಗಿಡ, ಮುಟ್ಟಿದರೆ ಕಲ್ಲು. ನಿಜಕ್ಕೂ ಅದು ಪ್ರಾಣಿ.

ಸಾಸಿವೆಯಿಂದ ಹಿಡಿದು ಅಡಿಕೆ ಗಾತ್ರದವರೆಗಿನ ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಸಂಸಾರ ಮಾಡುತ್ತವೆ. ಪ್ರತಿಯೊಂದಕ್ಕೂ ಬಾಯಿ ಇದೆ, ಬಾಯಿಯ ಸುತ್ತ ಎಳೆಗಳಿವೆ. ಇವನ್ನು ಪಾಲಿಪ್ ಎನ್ನುತ್ತಾರೆ. ಅವು ಕಡಲನೀರಿನ ಸುಣ್ಣದ ಅಂಶವನ್ನು ಹೀರಿ ತಮ್ಮ ಕೆಳಗೆ ಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ಹವಳದ ಬಣ್ಣದಲ್ಲಿ ಈ ಪಾಚಿಯ ಪಾಲೂ ಇದೆ.

ಈ ಕಥೆಯಲ್ಲಿ ಮತ್ತೆ ಮತ್ತೆ ಬರುವ ಹವಳದ ಹೆಸರು ಅಕ್ರೊಪೊರಾ. ಇದರಲ್ಲಿ ಹಲವು ಜಾತಿಗಳು ಜಿಂಕೆಯ ಕೊಂಬಿನಂತೆ ಕವಲೊಡೆದು ಬೆಳೆಯುತ್ತವೆ. ಬಣ್ಣ ಚೆಂದ, ಬೆಳವಣಿಗೆ ಬೇಗ. ತೊಟ್ಟಿ ಇಟ್ಟವರಿಗೆಲ್ಲ ಇದರ ಮೇಲೆ ಆಸೆ. ಹುಳುಗಳಿಗೂ ಆಸೆ.

ಲಂಡನ್‌ನ ಒಂದು ಮನೆ, 1846

ಮನೆಯೊಳಗೆ ಹವಳ ಸಾಕಿದವರಲ್ಲಿ ಮೊದಲಿಗರು ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ. ಗಂಡ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಪಾದ್ರಿ. 1846ರಲ್ಲಿ ಆಕೆ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ ಅಲ್ಲಿನ ತಣ್ಣನೆ ಕಡಲಲ್ಲಿ ಸಿಗುವ ಸಣ್ಣ ಬಟ್ಟಲಿನಂಥ ಹವಳ ಕಂಡು ಮನಸೋತರು. ಅವನ್ನು ಜೀವಂತ ಮನೆಗೆ ಒಯ್ಯಬೇಕು ಎನ್ನಿಸಿತು. ದಾರಿಯಲ್ಲಿ ಕುಲುಕಿ ಒಡೆಯಬಾರದೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಡಲನೀರು ತುಂಬಿದ ಪಾತ್ರೆಯಲ್ಲಿಟ್ಟು ಲಂಡನ್‌ಗೆ ತಂದರು.

ಲಂಡನ್‌ನಲ್ಲಿ ಕಡಲಿಲ್ಲ. ತಂದ ನೀರು ಹಳಸದಂತೆ ನೋಡಿಕೊಳ್ಳಬೇಕು. ಆಗ ಕರೆಂಟಿಲ್ಲ, ಗಾಳಿ ಬಿಡುವ ಪಂಪಿಲ್ಲ. ಅವರು ಕಂಡುಕೊಂಡ ಉಪಾಯ ಸರಳ. ತೆರೆದ ಕಿಟಕಿಯ ಬಳಿ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುವುದು. ನಾವು ಬಿಸಿ ಹಾಲು, ಚಹಾ ಆರಿಸುತ್ತೇವಲ್ಲ, ಹಾಗೆ. ದಿನಾ ಅರ್ಧ ಮುಕ್ಕಾಲು ಗಂಟೆ. ಈ ಕೆಲಸಕ್ಕೆ ಮನೆಗೆಲಸದಾಕೆಯ ಕೈಯೂ ಬೇಕಾಯಿತು. ಮರುವರ್ಷ ಕಡಲಪಾಚಿ ತಂದು ಅದೇ ನೀರಿಗೆ ಹಾಕಿದ ಮೇಲೆ ಕಷ್ಟ ಸ್ವಲ್ಪ ಕಡಿಮೆಯಾಯಿತು. ಪಾಚಿ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ, ನೀರು ಜೀವ ಹಿಡಿಯುತ್ತದೆ. ಹಾಗೆ ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿಯನ್ನೂ ಹಾಕಿದವು. 1859ರಲ್ಲಿ ಅವರ ಟಿಪ್ಪಣಿಗಳು ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ತೊಟ್ಟಿಯ ಹುಚ್ಚು ಹಿಡಿದಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಆದರೆ ಬಿಸಿ ಕಡಲಿನ ಬಣ್ಣದ ಹವಳ ಮನೆಯಲ್ಲಿ ಬೆಳೆಯುವುದಕ್ಕೆ ಇನ್ನೂ ನೂರು ವರ್ಷ ಕಾಯಬೇಕಾಗಿತ್ತು.

ಜಕಾರ್ತ, ಆಮೇಲೆ ಬರ್ಲಿನ್

1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬುವರು ಅಮೆರಿಕದ ಒಂದು ಮೀನು ಸಾಕಣೆ ಪತ್ರಿಕೆಗೆ ಲೇಖನ ಬರೆದರು. ಜಕಾರ್ತದ ತಮ್ಮ ತೊಟ್ಟಿಯಲ್ಲಿ ಹವಳ ಬದುಕಿದೆ ಎಂದರು. ಅವರ ಗುಟ್ಟು, ಕಡಲಿಂದ ತಂದ ಜೀವಂತ ಬಂಡೆ. ಬಂಡೆಯ ರಂಧ್ರಗಳಲ್ಲಿ ಲಕ್ಷಾಂತರ ಸೂಕ್ಷ್ಮಜೀವಿಗಳಿರುತ್ತವೆ, ಅವೇ ಕೊಳೆಯನ್ನು ತಿಂದು ನೀರು ಶುದ್ಧ ಮಾಡುತ್ತವೆ. ಅದರ ಜೊತೆ ಬಿಸಿಲು, ಗಾಳಿಯ ಗುಳ್ಳೆ. ಅಷ್ಟೇ. ಅಂದು ಎಲ್ಲರೂ ತೊಟ್ಟಿಯನ್ನು ತಿಕ್ಕಿ ತೊಳೆದು ಸ್ವಚ್ಛ ಇಡಬೇಕು ಎನ್ನುತ್ತಿದ್ದ ಕಾಲ. ಇವರು ಜೀವ ತುಂಬಿರಲಿ ಬಿಡಿ ಎಂದರು.

ಮುಂದೆ ಜರ್ಮನಿ, ಸ್ವಿಟ್ಜರ್‌ಲೆಂಡ್‌ನ ಹವ್ಯಾಸಿಗಳು ಅದೇ ದಾರಿಯನ್ನು ಹಸನು ಮಾಡಿದರು. ಜೀವಂತ ಬಂಡೆ, ಸೂರ್ಯನಂಥ ಪ್ರಖರ ದೀಪ, ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ. ಹವಳಕ್ಕೆ ಕಲ್ಲು ಕಟ್ಟಲು ಸುಣ್ಣ ಬೇಕಲ್ಲ, ಅದಕ್ಕೆ ಸುಣ್ಣದ ತಿಳಿನೀರು. ಎಲೆಯಡಿಕೆಗೆ ಹಚ್ಚುವ ಅದೇ ಅರಳಿದ ಸುಣ್ಣ, ನೀರಲ್ಲಿ ಕದಡಿ ತಿಳಿ ಬಿಟ್ಟು ಹನಿಹನಿಯಾಗಿ ತೊಟ್ಟಿಗೆ ಬಿಡುತ್ತಾರೆ. ಇದಕ್ಕೆ ಬರ್ಲಿನ್ ಪದ್ಧತಿ ಎಂದು ಹೆಸರು ಬಂತು.

ಬರ್ಲಿನ್‌ನ ಡೀಟ್ರಿಶ್ ಸ್ಟ್ಯೂಬರ್ 1980ರ ದಶಕದಲ್ಲಿ ತಮ್ಮ ತೊಟ್ಟಿಯಲ್ಲಿ ಅಕ್ರೊಪೊರಾ ಬೆಳೆಸಿ, ಕೊಂಬೆ ಮುರಿದು ಗೆಳೆಯರಿಗೆ ಹಂಚಿದರು. ದಾಸವಾಳದ ಕಡ್ಡಿ ಮುರಿದು ನೆಟ್ಟರೆ ಚಿಗುರುವಂತೆ ಹವಳದ ತುಂಡೂ ಅಂಟಿಕೊಂಡು ಬೆಳೆಯುತ್ತದೆ. ಆ ಒಂದು ಹವಳದ ತುಂಡುಗಳು ಯುರೋಪ್ ದಾಟಿ ಎಷ್ಟೋ ಮನೆ ಸೇರಿದವು.

ಕಡಲಿಗೆ ಕೈಹಾಕದೆ ಒಬ್ಬರ ತೊಟ್ಟಿಯಿಂದ ಇನ್ನೊಬ್ಬರ ತೊಟ್ಟಿಗೆ ಹವಳ ಹೋಗುವುದು ಒಳ್ಳೆಯ ಬೆಳವಣಿಗೆಯೇ. ಆದರೆ ಸಸಿಯ ಜೊತೆ ಬೇರುಹುಳ ಬರುವ ಹಾಗೆ, ತುಂಡಿನ ಜೊತೆ ಬೇರೆಯವೂ ಬಂದವು. ಕಡಲಲ್ಲಿ ಆ ಹುಳುಗಳನ್ನು ತಿನ್ನುವ ಮೀನು, ಏಡಿಗಳಿರುತ್ತವೆ. ನಾಲ್ಕು ಗಾಜಿನ ಗೋಡೆಯೊಳಗೆ ಅವುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ.

ಕೆಂಪು ಚುಕ್ಕೆಯ ಕೀಟ

2000ದ ಆಸುಪಾಸಿನಲ್ಲಿ ಅಮೆರಿಕದ ಹವ್ಯಾಸಿಗಳು ಒಂದು ವಿಚಿತ್ರ ಗಮನಿಸಿದರು. ಅಕ್ರೊಪೊರಾದ ಬಣ್ಣ ಮಂಕಾಗುತ್ತಿದೆ, ಪಾಲಿಪ್‌ಗಳು ಹೊರಗೆ ಬರುತ್ತಿಲ್ಲ, ಬೆಳವಣಿಗೆ ನಿಂತಿದೆ. ನೀರು ಪರೀಕ್ಷಿಸಿದರೆ ಎಲ್ಲ ಸರಿ. ಭೂತಗನ್ನಡಿ ಹಿಡಿದಾಗ ಕಂಡಿತು: ಹವಳದ ಮೈಮೇಲೆ ಹಳದಿ ಬಣ್ಣದ, ಕೆಂಪು ಚುಕ್ಕೆಯ ಕೀಟಗಳು. ಗಾತ್ರ ಸುಮಾರು ಅರ್ಧ ಮಿಲಿಮೀಟರ್. ಎಮ್ಮೆಯ ಮೈಗೆ ಹೇನು ಹತ್ತಿದ ಹಾಗೆ.

ವಿಜ್ಞಾನಕ್ಕೆ ಈ ಕೀಟ ತೀರಾ ಹೊಸದಾಗಿರಲಿಲ್ಲ. ಆರ್ಥರ್ ಹ್ಯೂಮ್ಸ್ ಎಂಬ ಅಮೆರಿಕದ ವಿಜ್ಞಾನಿ 1981ರಲ್ಲೇ ಅದಕ್ಕೆ ಟೆಗಾಸ್ಟೆಸ್ ಅಕ್ರೊಪೊರಾನಸ್ ಎಂದು ಹೆಸರಿಟ್ಟಿದ್ದರು. ಅವರಿಗೆ ಅದು ಸಿಕ್ಕಿದ್ದು ಪೆಸಿಫಿಕ್ ಸಾಗರದ ಎನೆವೆಟಾಕ್ ಎಂಬ ಹವಳದ್ವೀಪದಲ್ಲಿ. ಅಮೆರಿಕ ಅಣುಬಾಂಬ್ ಪರೀಕ್ಷೆ ನಡೆಸಿದ ದ್ವೀಪ ಅದು. ಇದು ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಜೀವಿ. ಹೆಸರು ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ಕಡಲಲ್ಲಿ ಅದಕ್ಕೆ ಮದ್ದು ಹುಡುಕುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಮದ್ದು ಸಿಕ್ಕಿದ್ದು ಪಶುವೈದ್ಯರ ಕಪಾಟಿನಲ್ಲಿ. ಸೊಳ್ಳೆ ಕಚ್ಚುವುದರಿಂದ ನಾಯಿಗೆ ಹೃದಯದ ಹುಳು ಹರಡುತ್ತದೆ. ಅದನ್ನು ತಡೆಯುವ ಇಂಟರ್‌ಸೆಪ್ಟರ್ ಎಂಬ ಮಾತ್ರೆಯಲ್ಲಿ ಮಿಲ್ಬೆಮೈಸಿನ್ ಇರುತ್ತದೆ. ಅದನ್ನು ಪುಡಿ ಮಾಡಿ ತೊಟ್ಟಿಯ ನೀರಿಗೆ ಬೆರೆಸಿದರೆ ಕೆಂಪು ಕೀಟ ಸಾಯುತ್ತದೆ ಎಂದು ತೋರಿಸಿ, ಕ್ರಮ ಹೇಳಿಕೊಟ್ಟವರಲ್ಲಿ ಮುಖ್ಯರು ಫ್ಲೋರಿಡಾದಲ್ಲಿ ಹವಳ ಸಾಕಣೆ ಮಾಡುವ ಡಸ್ಟಿನ್ ಡಾರ್ಟನ್.

ಈ ಔಷಧದ ಮೂಲ ಮಣ್ಣು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಜಪಾನಿನವರು 1970ರ ದಶಕದಲ್ಲಿ ಮಿಲ್ಬೆಮೈಸಿನ್ ತೆಗೆದರು. ದನದ ಉಣ್ಣಿಗೆ, ಜಂತುಹುಳಕ್ಕೆ ನಮ್ಮ ಪಶುವೈದ್ಯರು ಕೊಡುವ ಐವರ್‌ಮೆಕ್ಟಿನ್ ಇದರ ಅಣ್ಣತಮ್ಮ. ಅದೂ ಜಪಾನಿನ ಮಣ್ಣಿನಿಂದಲೇ ಬಂದದ್ದು. ಅದನ್ನು ಕಂಡುಹಿಡಿದ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಈ ಬಳಗದ ಔಷಧಗಳು ಹುಳು, ಕೀಟಗಳ ನರಕ್ಕೆ ಹೊಡೆದು ಕೈಕಾಲು ಆಡದಂತೆ ಮಾಡುತ್ತವೆ.

ಮಾತ್ರೆಯ ಶಕ್ತಿ ಎಷ್ಟೆಂದರೆ, ದೊಡ್ಡ ನಾಯಿಗೆ ಕೊಡುವ ಒಂದೇ ಮಾತ್ರೆ ಸಾವಿರ ಲೀಟರಿಗೂ ಹೆಚ್ಚು ನೀರಿಗೆ ಸಾಕು. ಪುಡಿಯನ್ನು ತೂಗಿ ನೀರಿಗೆ ಬೆರೆಸಬೇಕು. ನೊರೆ ಯಂತ್ರ, ಇದ್ದಿಲು ಸೋಸುಕವನ್ನು ಆಗ ನಿಲ್ಲಿಸಬೇಕು. ಸುಮಾರು ಆರು ಗಂಟೆ ಬಿಟ್ಟು ನೀರು ಬದಲಿಸಿ, ಉಳಿದ ಔಷಧವನ್ನು ಇದ್ದಿಲಿನಿಂದ ಹೀರಿಸಬೇಕು. ಮೊಟ್ಟೆಯಿಂದ ಮತ್ತೆ ಮರಿ ಬಂದರೆ ಎಂದು ವಾರ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ.

ಫಲಿತಾಂಶ ಚೆನ್ನಾಗಿತ್ತು. ಕೀಟ ಸತ್ತಿತು. ಹವಳಕ್ಕೆ, ಮೀನಿಗೆ, ಶಂಖದ ಹುಳುವಿಗೆ ಹೆಚ್ಚು ತೊಂದರೆಯಾಗಲಿಲ್ಲ. ಬಣ್ಣ ಮರಳಿತು. ಹವ್ಯಾಸಿಗಳು ನಾಯಿ ಇಲ್ಲದಿದ್ದರೂ ಪಶುವೈದ್ಯರ ಬಳಿ ಚೀಟಿಗೆ ಹೋಗಿ ನಿಂತರು.

ಆದರೆ ಕೀಟ ಯಾರ ಬಳಗ ಎಂದೆ? ಏಡಿ, ಸೀಗಡಿಗಳ ಬಳಗ. ಔಷಧಕ್ಕೆ ಒಳ್ಳೆಯ ಸೀಗಡಿ, ಕೆಟ್ಟ ಕೀಟ ಎಂಬ ಭೇದ ಗೊತ್ತಿಲ್ಲ. ಮೊದಲೇ ಹಿಡಿದು ಬೇರೆ ತೊಟ್ಟಿಗೆ ಹಾಕದಿದ್ದರೆ ಸೀಗಡಿ ಸತ್ತಿತು, ಏಡಿ ಸತ್ತಿತು. ಬಂಡೆಯ ಸಂದಿಯಲ್ಲಿ ಕೊಳೆ ತಿಂದುಕೊಂಡಿದ್ದ ಸಾವಿರಾರು ಸಣ್ಣ ಜೀವಿಗಳೂ ಹೋದವು. ಆ ನಷ್ಟ ಎಷ್ಟು ದುಬಾರಿ ಎಂದು ತಿಳಿಯಲು ಇನ್ನೊಂದು ಹುಳು ಬರಬೇಕಾಯಿತು.

ಹವಳದ ಬಣ್ಣವನ್ನೇ ಉಟ್ಟ ಹುಳು

ಎರಡನೆಯದು ಚಪ್ಪಟೆ ಹುಳು. ಒಂದು ಸೆಂಟಿಮೀಟರ್ ಆಸುಪಾಸು ಉದ್ದ, ಕಾಗದದಷ್ಟು ತೆಳು. ಅಕ್ರೊಪೊರಾದ ಮಾಂಸ ತಿನ್ನುತ್ತದೆ. ತಿಂದ ಹವಳದೊಳಗಿನ ಪಾಚಿ ಅದರ ಹೊಟ್ಟೆಯಲ್ಲೂ ಉಳಿಯುವುದರಿಂದ ಹುಳುವಿಗೆ ಹವಳದ್ದೇ ಬಣ್ಣ ಬರುತ್ತದೆ. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಕಾಣುವುದು ಅದು ಕಚ್ಚಿದ ಗುರುತು ಮಾತ್ರ. ಹವಳದ ಮೈಮೇಲೆ ದುಂಡನೆ ಬಿಳಿ ಚುಕ್ಕೆಗಳ ಸಾಲು. ಹವ್ಯಾಸಿಗಳು ಸಣ್ಣ ಪಿಚಕಾರಿಯಿಂದ ಹವಳದ ಮೇಲೆ ಜೋರಾಗಿ ನೀರು ಚಿಮ್ಮಿಸಿ, ಹುಳು ಕಳಚಿ ಹಾರುತ್ತದೆಯೇ ನೋಡುತ್ತಾರೆ. ಇಂದಿಗೂ ಪತ್ತೆಗೆ ಅದೇ ಸುಲಭ ದಾರಿ.

ವರ್ಷಗಟ್ಟಲೆ ಈ ಹುಳು ತೊಟ್ಟಿಗಳನ್ನು ಖಾಲಿ ಮಾಡುತ್ತಿದ್ದರೂ ಅದಕ್ಕೊಂದು ವೈಜ್ಞಾನಿಕ ಹೆಸರಿರಲಿಲ್ಲ. ಕಡಲಲ್ಲಿ ಅದನ್ನು ಕಂಡು ದಾಖಲಿಸಿದವರೂ ಇರಲಿಲ್ಲ. 2011ರಲ್ಲಿ ಕೇಟ್ ರಾಲಿನ್ಸನ್ ಮತ್ತು ಜೊತೆಗಾರರು ತೊಟ್ಟಿಗಳಿಂದ ಬಂದ ಹುಳುಗಳನ್ನು ಪರೀಕ್ಷಿಸಿ ಅಮಕುಸಪ್ಲಾನಾ ಅಕ್ರೊಪೊರೆ ಎಂದು ಹೆಸರಿಟ್ಟರು. ಈಗ ಅದನ್ನು ಪ್ರೊಸ್ಥಿಯೊಸ್ಟೊಮಮ್ ಎಂಬ ಗುಂಪಿಗೆ ಸೇರಿಸಿದ್ದಾರೆ. 2012ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದ ಬಳಿ ಅದು ಕಡಲಲ್ಲೂ ಸಿಕ್ಕಿತು. ಕಡಲಲ್ಲಿ ಈ ಹುಳು ಕಂಡ ಮೊದಲ ವರದಿ ಅದು.

ಇದನ್ನೊಮ್ಮೆ ಯೋಚಿಸಿ. ಮನೆಯ ಹಜಾರದಲ್ಲಿ ಕೂತವರು ಮೊದಲು ಕಂಡರು, ವಿಜ್ಞಾನಿಗಳು ಆಮೇಲೆ ಹೆಸರಿಟ್ಟರು, ಕಡಲಲ್ಲಿ ಸಿಕ್ಕಿದ್ದು ಕೊನೆಗೆ. ಇದೊಂದೇ ಅಲ್ಲ. ಮೊಂಟಿಪೊರಾ ಎಂಬ ಇನ್ನೊಂದು ಹವಳವನ್ನು ತಿನ್ನುವ, ಚಿಪ್ಪಿಲ್ಲದ ಬಸವನಹುಳುವಿನಂಥ ಬಿಳಿ ಜೀವಿಯೊಂದಿದೆ. ತೊಟ್ಟಿ ಇಟ್ಟವರಿಗೆ ಬಹಳ ಕಾಲದಿಂದ ಗೊತ್ತಿದ್ದ ತಲೆನೋವು. ಅದಕ್ಕೆ ಫೆಸ್ಟಿಲ್ಲಾ ಸಬೊಡಿಯೋಸಾ ಎಂದು ಹೆಸರು ಸಿಕ್ಕಿದ್ದು 2020ರಲ್ಲಿ, ಅದೂ ತೊಟ್ಟಿಯಿಂದಲೇ.

ಅದ್ದಿ ತೆಗೆಯುವ ಕಾಲ

ಚಪ್ಪಟೆ ಹುಳು ಏಡಿಯ ಬಳಗದ್ದಲ್ಲ. ನಾಯಿ ಮಾತ್ರೆಯನ್ನು ನೆಚ್ಚಿಕೊಂಡು ಕೂರುವಂತಿರಲಿಲ್ಲ. ಹಾಗಾಗಿ ಹವ್ಯಾಸಿಗಳು ಬೇರೆ ದಾರಿ ಹಿಡಿದರು. ಇಡೀ ತೊಟ್ಟಿಗೆ ಔಷಧ ಹಾಕುವ ಬದಲು ಹವಳವನ್ನು ಹೊರತೆಗೆದು, ಬಕೆಟ್ಟಿನಲ್ಲಿ ಔಷಧದ ನೀರು ಮಾಡಿ ಕೆಲವು ನಿಮಿಷ ಅದ್ದುವುದು. ನಾಟಿಗೆ ಮುಂಚೆ ಸಸಿಯ ಬೇರು ಅದ್ದುವಂತೆ.

ಬಕೆಟ್ಟಿಗೆ ಏನೇನು ಬಿತ್ತು ನೋಡಿ. ಮೊದಲು ಅಯೋಡಿನ್ ದ್ರಾವಣ. ಇದು 1829ರಷ್ಟು ಹಳೆಯದು, ಫ್ರಾನ್ಸಿನ ವೈದ್ಯ ಲುಗೊಲ್ ಅವರ ಹೆಸರಲ್ಲೇ ಇದೆ. ಆಮೇಲೆ ಕುರಿ, ದನಗಳ ಜಂತುನಾಶಕ ಲೆವಮಿಸೋಲ್. ಆಮೇಲೆ ಗಿಡದೆಣ್ಣೆಗಳಿಂದ ಮಾಡಿದ, ಅಂಗಡಿಯಲ್ಲಿ ಬಾಟಲಿಯಲ್ಲಿ ಮಾರುವ ದ್ರಾವಣಗಳು. ಕೊನೆಗೆ ಕೈತೋಟಕ್ಕೆ ಹೊಡೆಯುವ ಕೀಟನಾಶಕ. ಅದರಲ್ಲಿದ್ದದ್ದು ಇಮಿಡಾಕ್ಲೋಪ್ರಿಡ್ ಮತ್ತು ಅದರ ಜೊತೆ ಇನ್ನೊಂದು ವಿಷ. ಆ ಡಬ್ಬಿಯ ಚೀಟಿಯ ಮೇಲೆ ಗಿಡದ ಹೆಸರಿತ್ತು, ಹವಳದ ಹೆಸರಿರಲಿಲ್ಲ. ಒಬ್ಬರು ಮಾಡಿ ನೋಡಿದರು, ಹುಳು ಉದುರಿತು, ಹವಳ ಉಳಿಯಿತು. ಇನ್ನೊಬ್ಬರಿಗೆ ಹೇಳಿದರು. ಊರಲ್ಲಿ ಪಕ್ಕದ ಹೊಲದವನು ಹೊಡೆದ ಎಣ್ಣೆಯನ್ನೇ ನಾವೂ ತರುವುದಿಲ್ಲವೇ, ಹಾಗೆ ಹಬ್ಬಿತು.

ಆದರೆ ಈ ಯಾವ ಬಕೆಟ್ಟೂ ಒಂದು ಕೆಲಸ ಮಾಡಲಿಲ್ಲ. ಮೊಟ್ಟೆಯನ್ನು ಕೊಲ್ಲಲಿಲ್ಲ.

ಚಪ್ಪಟೆ ಹುಳು ಮೊಟ್ಟೆ ಇಡುವುದು ಹವಳದ ಬುಡದಲ್ಲಿ, ಮಾಂಸ ಹೋಗಿ ಬರೀ ಕಲ್ಲು ಉಳಿದ ಕಡೆ. ಮೊಟ್ಟೆಗಳ ಮೇಲೆ ಗಟ್ಟಿ ಕವಚ. ಒಂದೊಂದು ಕವಚದೊಳಗೆ ಹಲವು ಮರಿಗಳು. ಔಷಧ ಅದರೊಳಗೆ ಇಳಿಯುವುದಿಲ್ಲ. ಅದ್ದಿದ ದಿನ ಹತ್ತಾರು ಹುಳು ಬಕೆಟ್ಟಿನ ತಳದಲ್ಲಿ ಬಿದ್ದಿರುವುದನ್ನು ನೋಡಿ ಮನೆಯವರು ಗೆದ್ದೆವು ಎನ್ನುತ್ತಾರೆ. ಕೆಲವೇ ವಾರಗಳಲ್ಲಿ ಹೊಸ ಮರಿಗಳು ಬಂದಿರುತ್ತವೆ.

ನೀರು ಬೆಚ್ಚಗಿದ್ದಷ್ಟೂ ಹುಳುವಿನ ಸಂಸಾರ ಬೇಗ ಬೆಳೆಯುತ್ತದೆ ಎಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆಸ್ಟ್ರೇಲಿಯಾದ ಜೊನಾಥನ್ ಬಾರ್ಟನ್ ಮತ್ತು ಜೊತೆಗಾರರು ಮಾಡಿದ ಕೆಲಸ ಅದು. ತೊಟ್ಟಿಯ ಸಾಮಾನ್ಯ ಉಷ್ಣತೆಯಲ್ಲಿ ಮೊಟ್ಟೆಯಿಂದ ಹೊರಟು ಮತ್ತೆ ಮೊಟ್ಟೆಯವರೆಗೆ ಐದಾರು ವಾರ. ಹಾಗಾದರೆ ಒಮ್ಮೆ ಅದ್ದಿದರೆ ಏನೂ ಆಗದು. ಮೊಟ್ಟೆ ಒಡೆದು ಬಂದ ಮರಿ ದೊಡ್ಡದಾಗಿ ಮತ್ತೆ ಮೊಟ್ಟೆ ಇಡುವ ಮೊದಲೇ ಅದನ್ನು ಹಿಡಿಯಬೇಕು. ಅಂದರೆ ಮತ್ತೆ ಮತ್ತೆ, ಲೆಕ್ಕ ಇಟ್ಟು. ಔಷಧ ಯಾವುದು ಎಂಬುದಕ್ಕಿಂತ ಕ್ಯಾಲೆಂಡರ್ ಮುಖ್ಯ.

ಸೀಗಡಿಯ ಸರದಿ

2020ರಲ್ಲಿ ಅದೇ ಬಾರ್ಟನ್ ತಂಡ ಇನ್ನೊಂದು ಪ್ರಯೋಗ ಪ್ರಕಟಿಸಿತು. ಈ ಬಾರಿ ಔಷಧವಿಲ್ಲ. ಹುಳು ಬಿದ್ದ ಹವಳದ ಜೊತೆ ಎರಡು ಜೀವಿಗಳನ್ನು ಬಿಟ್ಟು ನೋಡಿದರು. ಒಂದು, ಮೈಮೇಲೆ ಆರು ಗೆರೆಗಳಿರುವ ಸಣ್ಣ ಮೀನು. ಇನ್ನೊಂದು, ಕೆಂಪು ಗೆರೆಗಳ ಪುಟ್ಟ ಸೀಗಡಿ. ಎರಡೂ ತೊಟ್ಟಿ ಇಟ್ಟವರಿಗೆ ಪರಿಚಿತ. ಎರಡೂ ಹುಳುವನ್ನು ಕಡಿಮೆ ಮಾಡಿದವು. ಸೀಗಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೊಟ್ಟೆಗಳನ್ನೂ ತಿಂದಿತು.

ಯಾವ ಬಕೆಟ್ಟೂ ಮಾಡದ ಕೆಲಸವನ್ನು ಬೆರಳುದ್ದದ ಸೀಗಡಿ ಮಾಡಿತು.

ಈಗ ಹಿಂದೆ ತಿರುಗಿ ನೋಡಿ. ಕೆಂಪು ಕೀಟ ಕೊಲ್ಲಲೆಂದು ನಾಯಿಯ ಮಾತ್ರೆ ಹಾಕಿದಾಗ ಮೊದಲು ಸತ್ತವರಲ್ಲಿ ಸೀಗಡಿಗಳೂ ಇದ್ದವು. ಅವನ್ನು ಬೇರೆ ಕಡೆ ಇಡದೆ ಔಷಧ ಹಾಕಿದವರು ಒಂದು ಶತ್ರುವನ್ನು ಹೊರಗೆ ಕಳಿಸಿ, ಇನ್ನೊಂದಕ್ಕೆ ಬಾಗಿಲು ತೆರೆದಿಟ್ಟಂತಾಯಿತು. ಔಷಧದ್ದು ತಪ್ಪಲ್ಲ. ತೊಟ್ಟಿಯೊಳಗೆ ಯಾರು ಯಾರನ್ನು ತಿನ್ನುತ್ತಾರೆ ಎಂದು ತಿಳಿಯುವ ಮೊದಲೇ ಔಷಧ ಬಂತು, ಅಷ್ಟೇ.

ಸೀಗಡಿ ಬಿಟ್ಟರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಅದಕ್ಕೆ ಹೊಟ್ಟೆ ತುಂಬಾ ಬೇರೆ ಆಹಾರ ಸಿಕ್ಕರೆ ಹುಳುವಿನ ತಂಟೆಗೆ ಹೋಗದಿರಬಹುದು. ದೊಡ್ಡ ಮೀನಿದ್ದರೆ ಸೀಗಡಿಯೇ ಅದರ ಊಟ. ಹಾಗಾಗಿ ಇಂದು ಅನುಭವ ಇರುವವರು ಹೇಳುವ ಕ್ರಮ ಹೀಗಿದೆ.

ಹೊಸ ಹವಳ ಬಂದರೆ ನೇರ ದೊಡ್ಡ ತೊಟ್ಟಿಗೆ ಹಾಕಬೇಡಿ. ಮೊದಲು ಅದ್ದಿ ನೋಡಿ, ಬಿದ್ದದ್ದೇನು ಎಂದು ಗಮನಿಸಿ. ಬುಡದ ಸತ್ತ ಭಾಗವನ್ನು, ಬಂದ ಕಲ್ಲಿನ ಬಿಲ್ಲೆಯನ್ನು ಕತ್ತರಿಸಿ ಎಸೆಯಿರಿ, ಮೊಟ್ಟೆ ಇರುವುದು ಅಲ್ಲೇ. ಆಮೇಲೆ ಬೇರೆ ಸಣ್ಣ ತೊಟ್ಟಿಯಲ್ಲಿ ಕನಿಷ್ಠ ಐದಾರು ವಾರ ಇಡಿ, ವಾರವಾರ ಪರೀಕ್ಷಿಸಿ. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಕ್ವಾರಂಟೈನ್ ಇದೇ. ದೊಡ್ಡ ತೊಟ್ಟಿಯಲ್ಲಿ ಹುಳು ತಿನ್ನುವ ಮೀನು, ಸೀಗಡಿ ಇರಲಿ. ಇಡೀ ತೊಟ್ಟಿಗೆ ಔಷಧ ಹಾಕುವುದು ಕೊನೆಯ ದಾರಿ.

ಹೊಸ ಎಮ್ಮೆ, ಹೊಸ ಕುರಿ ತಂದಾಗ ಕೆಲವು ದಿನ ಬೇರೆ ಕಟ್ಟುವ ಹಿರಿಯರ ಪದ್ಧತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ತೊಟ್ಟಿಯವರು ಅದನ್ನು ಸಾವಿರಾರು ರೂಪಾಯಿಯ ಹವಳ ಕಳೆದುಕೊಂಡು ಕಲಿತರು.

ಬಕೆಟ್ಟಿನ ನೀರು ಎಲ್ಲಿ ಚೆಲ್ಲುತ್ತೀರಿ?

ಇನ್ನೊಂದು ಪ್ರಶ್ನೆ ಉಳಿದಿದೆ. ಔಷಧ ಬೆರೆತ ನೀರು ಕೊನೆಗೆ ಹೋಗುವುದು ಎಲ್ಲಿಗೆ?

ಇಮಿಡಾಕ್ಲೋಪ್ರಿಡ್ ಜೇನುನೊಣಗಳಿಗೆ ಮಾರಕ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2018ರಲ್ಲಿ ಬಯಲಿನಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ನೀರಿನ ಸಣ್ಣ ಜೀವಿಗಳಿಗೂ ಅದು ವಿಷವೇ. ಹವಳ ಅದ್ದಿದ ಬಕೆಟ್ಟನ್ನು ಚರಂಡಿಗೆ ಸುರಿದರೆ ಮುಂದೆ ಹಳ್ಳ, ಕೆರೆ. ಒಬ್ಬರ ಬಕೆಟ್ ಚಿಕ್ಕದು. ಕೈಗವಸು ಹಾಕದೆ ಅದನ್ನು ಕಲಕಿದ ಕೈ ಮಾತ್ರ ಅವರದ್ದೇ.

ತೊಟ್ಟಿಯ ಜೀವಿಗಳೂ ಕಡಲು ಸೇರಬಾರದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಕಾಲರ್ಪಾ ಎಂಬ ಅಲಂಕಾರದ ಪಾಚಿಯ ಸಣ್ಣ ತೇಪೆ ಕಂಡಿತು. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ತಳಿ ಅದು. ಮುಂದೆ ಮೆಡಿಟರೇನಿಯನ್ ಕಡಲಿನ ಸಾವಿರಾರು ಎಕರೆ ತಳಕ್ಕೆ ಹಬ್ಬಿತು.

ನಮ್ಮ ಕಡಲಿಗೆ ಇದರಿಂದೇನು

ಕರ್ನಾಟಕಕ್ಕೂ ಹವಳ ಇದೆ. ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳ, ಬಣ್ಣಬಣ್ಣದ ಮೀನುಗಳಿವೆ. ಮುಳುಗಿ ನೋಡಲು ದೇಶದ ಬೇರೆ ಬೇರೆ ಕಡೆಯಿಂದ ಜನ ಬರುತ್ತಾರೆ. ಅಲ್ಲಿಂದ ತುಂಡು ಮುರಿದು ತರುವುದು ಅಪರಾಧ. 2001ರಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿಯ ಹೆಸರು ಇರುವುದೂ ಅದೇ ಪಟ್ಟಿಯಲ್ಲಿ. ಕಡಲಿನ ಹವಳವನ್ನು ಕೀಳುವಂತಿಲ್ಲ, ಮಾರುವಂತಿಲ್ಲ. ಊರಿನ ಜಾತ್ರೆಯಲ್ಲೋ ಕಡಲತೀರದ ಅಂಗಡಿಯಲ್ಲೋ ಯಾರಾದರೂ ಹವಳದ ಕಲ್ಲು ಮಾರುತ್ತಿದ್ದರೆ ಅದು ಕಾನೂನಿಗೆ ವಿರುದ್ಧ.

ಹವಳ ಸಾಯುತ್ತಿರುವ ಕಡೆ ಈಗ ಅದನ್ನು ನೆಡುವ ಕೆಲಸವೂ ನಡೆಯುತ್ತಿದೆ. 2020ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಮತ್ತು ಗುಜರಾತ್ ಅರಣ್ಯ ಇಲಾಖೆ ಮಿಠಾಪುರದ ಕಡಲಲ್ಲಿ ಕಬ್ಬಿಣದ ಚೌಕಟ್ಟಿಗೆ ಹವಳದ ತುಂಡುಗಳನ್ನು ಕಟ್ಟಿ ಬೆಳೆಸುವ ಪ್ರಯೋಗ ಶುರು ಮಾಡಿದವು. ತುಂಡುಗಳಲ್ಲಿ ಅಕ್ರೊಪೊರಾ ಕೂಡ ಇತ್ತು. ಬೇರೆ ದೇಶಗಳಲ್ಲಿ ತೊಟ್ಟಿಗಳಲ್ಲೇ ಸಾವಿರಾರು ಹವಳ ಬೆಳೆಸಿ ಕಡಲಿಗೆ ಒಯ್ಯುತ್ತಿದ್ದಾರೆ. ಒಂದು ತುಂಡಿನ ಬುಡದಲ್ಲಿ ಕಣ್ಣಿಗೆ ಬೀಳದ ನಾಲ್ಕು ಮೊಟ್ಟೆ ಉಳಿದರೆ ಏನಾಗುತ್ತದೆ ಎಂದು ಇಂದು ಗೊತ್ತಿರುವುದು, ಹಜಾರದ ತೊಟ್ಟಿಯ ಮುಂದೆ ಭೂತಗನ್ನಡಿ ಹಿಡಿದು ಕೂತವರಿಂದಾಗಿ. ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಹುಳುವಿನ ಹಿಂದೆ ಬಿದ್ದದ್ದಕ್ಕೂ ಹವಳ ಸಾಕಣೆಯ ಈ ಕಾಳಜಿಯೇ ಕಾರಣ.

ಅನ್ನಾ ಥಿನ್ ಮನೆಯ ಕಿಟಕಿಯ ಬಳಿ ಕೆಲಸದಾಕೆ ನೀರು ಎತ್ತಿ ಸುರಿಯುತ್ತಿದ್ದ ಕಾಲಕ್ಕೆ ಹವಳಕ್ಕೆ ಬೇಕಾದದ್ದು ಗಾಳಿ ಮತ್ತು ಯಾರೋ ಒಬ್ಬರ ದಿನದ ಅರ್ಧ ಗಂಟೆ. ನಾಯಿಯ ಮಾತ್ರೆ, ಕುರಿಯ ಮದ್ದು, ಹತ್ತಿಯ ಎಣ್ಣೆ ಎಲ್ಲ ಸುತ್ತಿ ಬಂದ ಮೇಲೂ ಅನುಭವಸ್ಥರು ಹೊಸಬರಿಗೆ ಮೊದಲು ಹೇಳುವುದು ಅದನ್ನೇ. ದಿನಾ ಸ್ವಲ್ಪ ಹೊತ್ತು ಕೂತು ನೋಡಿ. ಹೊಸದನ್ನು ತಂದ ಕೂಡಲೇ ಹಳೆಯದರ ಜೊತೆ ಸೇರಿಸಬೇಡಿ. ಔಷಧದ ಡಬ್ಬಿ ತೆರೆಯುವ ಮೊದಲು, ಆ ನೀರಲ್ಲಿ ಇನ್ನೂ ಯಾರ್‍ಯಾರು ಬದುಕಿದ್ದಾರೆ ಎಂದು ಎಣಿಸಿ.